ಗಣೆಯ ಜೊತೆ ಕೇಳಿಸಿದ ಗುಂಯ್ ಸದ್ದು

ಶಿರಾ ಸೀಮೆಯ ಕಾಡುಗೊಲ್ಲರ ಹಟ್ಟಿಯೊಂದರಲ್ಲಿ ಹಿರಿಯರೊಬ್ಬರು ಜುಂಜಪ್ಪನ ಪದ ಹಾಡುತ್ತಾರೆ. ಜೊತೆಗೆ ಗಣೆ ಇರುತ್ತದೆ, ಆಳೆತ್ತರದ ಬಿದಿರ ಕೊಳಲು. ಹಗಲೆಲ್ಲ ಕುರಿಯ ಹಿಂದೆ ಇರುವ ಅವರು ಹಾಡಲು ಕೂರುವುದು ರಾತ್ರಿ ಎಂಟರ ಮೇಲೆ. ಅದನ್ನು ಧ್ವನಿಮುದ್ರಿಸಿಕೊಳ್ಳಲು ನಾವು ಹೋಗುತ್ತಿದ್ದೆವು. ಮೊದಲ ಎರಡು ರಾತ್ರಿಯೂ ಹಾಡಿನ ಅಡಿಯಲ್ಲಿ ಗುಂಯ್ ಎನ್ನುವ ಸದ್ದೊಂದು ಕೂತಿತ್ತು.

ನಮ್ಮ ಬಳಿ ಇದ್ದದ್ದು ಎರಡು ಮೈಕಿನ ಪುಟ್ಟ ಪ್ರೀಆಂಪ್. ತಾಲ್ಲೂಕು ಕೇಂದ್ರದಲ್ಲಿ ರೇಡಿಯೋ ರಿಪೇರಿ ಮಾಡುವ ಅಣ್ಣ ಒಬ್ಬರು ಕೈಯಾರೆ ಮಾಡಿಕೊಟ್ಟದ್ದು. ಅದರ ಪವರ್ ಸಪ್ಲೈಯೂ ಅವರದ್ದೇ. ದನಿಯ ಅಲೆ ಸೊನ್ನೆಯ ಮೇಲೂ ಹೋಗುತ್ತದೆ, ಕೆಳಗೂ ಇಳಿಯುತ್ತದೆ. ಹಾಗಾಗಿ ಒಳಗಿರುವ ಟಿಎಲ್‌072 ಐಸಿಗೆ ಪ್ಲಸ್ 15, ಮೈನಸ್ 15 ಹೀಗೆ ಎರಡು ವೋಲ್ಟೇಜು ಕೊಟ್ಟಿದ್ದರು. 15-0-15ರ ಟ್ರಾನ್ಸ್‌ಫಾರ್ಮರ್, ನಾಲ್ಕು ಡಯೋಡು, ಎರಡು ದೊಡ್ಡ ಕೆಪಾಸಿಟರು, ಆಮೇಲೆ 7815 ಮತ್ತು 7915 ರೆಗ್ಯುಲೇಟರು. ಹಳೆಯ ಎಲೆಕ್ಟ್ರಾನಿಕ್ಸ್ ಪುಸ್ತಕಗಳಲ್ಲೆಲ್ಲ ಸಿಗುವ ಸರ್ಕ್ಯೂಟೇ ಅದು.

ಅಂಗಡಿಗೆ ತಂದು ಹಾಕಿದರೆ ಸದ್ದೇ ಇಲ್ಲ! ಹೆಡ್‌ಫೋನ್ ಕಿವಿಗಿಟ್ಟುಕೊಂಡ ಅಣ್ಣ, "ನನ್ನ ಹತ್ರ ಚೆನ್ನಾಗೇ ಇದೆಯಲ್ಲಪ್ಪ, ನಿಮ್ಮ ವೈರೇ ಸರಿ ಇಲ್ಲ ನೋಡಿ" ಅಂದರು. ವೈರು ಬದಲಾಯಿತು, ಪೆಟ್ಟಿಗೆಗೆ ಅರ್ತ್ ಕೊಟ್ಟದ್ದೂ ಆಯಿತು. ಹಟ್ಟಿಗೆ ಹೋದರೆ ಮತ್ತೆ ಗುಂಯ್.

ಮುದ್ರಿಸಿದ್ದನ್ನು ಕಂಪ್ಯೂಟರಿನಲ್ಲಿ ಬಿಡಿಸಿ ನೋಡಿದಾಗ ಒಂದು ಸುಳಿವು ಸಿಕ್ಕಿತು. ಸದ್ದು 100 ಹರ್ಟ್ಸ್‌ನಲ್ಲಿತ್ತು, ಅದರ ಮೇಲೆ 200, 300 ಕೂಡ. ವೈರಿನಿಂದಲೋ ಅರ್ತಿನಿಂದಲೋ ಬರುವ ಸದ್ದಾದರೆ ಸಾಮಾನ್ಯವಾಗಿ ನಮ್ಮ ಕರೆಂಟಿನ 50 ಹರ್ಟ್ಸ್ ಎದ್ದು ಕಾಣಬೇಕು. ಡಯೋಡುಗಳು ಅಲೆಯ ಎರಡೂ ಅರ್ಧಗಳನ್ನು ಒಂದೇ ಕಡೆಗೆ ತಿರುಗಿಸುವುದರಿಂದ 50 ಇದ್ದದ್ದು 100 ಆಗುತ್ತದೆ. ಅಂದರೆ ಸದ್ದು ಬರುತ್ತಿರುವುದು ಪವರ್ ಸಪ್ಲೈಯಿಂದ, ರೆಗ್ಯುಲೇಟರನ್ನೂ ದಾಟಿಕೊಂಡು. ಸಾಫ್ಟ್‌ವೇರ್ ಹಾಕಿ ಅಳಿಸಬಹುದಲ್ಲ ಎಂದು ಕೇಳುವವರಿದ್ದಾರೆ. ಅಳಿಸಬಹುದು. ಆದರೆ ಗಣೆಯ ಉಸಿರೂ ಹಾಡುವವರ ದನಿಯ ತಳವೂ ಇರುವುದು ಅದೇ ಜಾಗದಲ್ಲಿ. ಅಳಿಸಿ ಕೇಳಿದೆವು. ಡಬ್ಬದೊಳಗಿಂದ ಊದಿದ ಹಾಗಿತ್ತು.

ಮುಂದಿನ ಸಲ ಮಲ್ಟಿಮೀಟರು ಹಿಡಿದುಕೊಂಡೇ ಹೋದೆವು. ರಾತ್ರಿ ಎಂಟೂವರೆಗೆ ಹಟ್ಟಿಯ ಸಾಕೆಟ್ಟಿನಲ್ಲಿ 172 ವೋಲ್ಟ್! ಸುತ್ತಲಿನ ಬೋರುಗಳಿಗೆ ತ್ರೀ ಫೇಸ್ ಬಿಟ್ಟಿದ್ದರು, ಮೋಟಾರುಗಳೆಲ್ಲ ಓಡುತ್ತಿದ್ದವು. ಲೆಕ್ಕ ಅಲ್ಲೇ ಮುಗಿಯಿತು. 230 ಇದ್ದಾಗ 15 ವೋಲ್ಟ್ ಕೊಡುವ ಟ್ರಾನ್ಸ್‌ಫಾರ್ಮರು 172ಕ್ಕೆ ಕೊಡುವುದು 11.2. ಅದರ ತುದಿ 1.414 ಪಟ್ಟು, ಸುಮಾರು 15.9. ಡಯೋಡಿಗೆ 0.7 ಹೋದರೆ ಉಳಿಯುವುದು 15.2. ಆದರೆ 15 ವೋಲ್ಟನ್ನು ಅಲುಗಾಡದ ಹಾಗೆ ಕೊಡಲು 7815ಕ್ಕೆ ಒಳಗಡೆ 17ಕ್ಕಿಂತ ಮೇಲೇ ಬೇಕು. ಅಷ್ಟು ಇಲ್ಲದಿದ್ದರೆ ಅದು ತಡೆಯುವುದನ್ನೇ ಬಿಟ್ಟು, ಕೆಪಾಸಿಟರಿನ ಮೇಲಿನ ಅಲೆಯನ್ನು ಹಾಗೆಹಾಗೇ ಮುಂದಕ್ಕೆ ಕಳಿಸುತ್ತದೆ. ಮೀಟರಿನಲ್ಲಿ 15ರ ಬದಲು 13 ಚಿಲ್ಲರೆ ಕಾಣುತ್ತಿತ್ತು, ಪ್ಲಸ್ಸಿನಲ್ಲೂ ಮೈನಸ್ಸಿನಲ್ಲೂ.

ಹನ್ನೊಂದಕ್ಕೆ ತ್ರೀ ಫೇಸ್ ಹೋಯಿತು. ಮಂಕಾಗಿದ್ದ ಬಲ್ಬು ಬೆಳ್ಳಗಾಯಿತು, ಸಾಕೆಟ್ಟಿನಲ್ಲಿ 228. ಹೆಡ್‌ಫೋನಿನಲ್ಲಿ ಗುಂಯ್ ಇಲ್ಲ. ಆ ಹೊತ್ತಿಗೆ ಹಿರಿಯರು ಮಲಗಿದ್ದರು.

ಒಂದು ಗಂಟೆ ಮೋಟಾರು ನಿಲ್ಲಿಸಿ ಅನ್ನೋಣವೇ ಎಂದು ನಮ್ಮಲ್ಲೊಬ್ಬರು ಕೇಳಿದ್ದುಂಟು. ಕರೆಂಟು ಬರುವುದೇ ದಿನಕ್ಕೆ ಕೆಲವು ಗಂಟೆ, ಅದರಲ್ಲಿ ಗಿಡಕ್ಕೆ ನೀರು ಹಾಯಬೇಕು. ಕೇಳುವ ಮಾತಲ್ಲ. ಸ್ಟೆಬಿಲೈಸರ್ ತಂದರೆ ಅದರ ರಿಲೇ ಟಕ್ ಟಕ್ ಎನ್ನುವುದು ಮೈಕಿಗೆ ಬೀಳುತ್ತದೆ. ಹನ್ನೆರಡು ವೋಲ್ಟಿನ ಎರಡು ಬ್ಯಾಟರಿಯೇ ಒಳ್ಳೆಯದು ಎಂದು ಇಬ್ಬರು ಈಗಲೂ ವಾದಿಸುತ್ತಾರೆ. ವಾದ ಸರಿಯೇ. ಆದರೆ ಬೈಕಿನಲ್ಲಿ ಹೊರುವ ಕೆಲಸಕ್ಕೆ ಅವರಿಬ್ಬರೂ ಬರುವುದಿಲ್ಲ.

ಅಣ್ಣನಿಗೆ ಲೆಕ್ಕ ತೋರಿಸಿದಾಗ ಸ್ವಲ್ಪ ಹೊತ್ತು ಸುಮ್ಮನಿದ್ದು, "ನಮ್ಮೂರಲ್ಲೂ ಹಂಗೇ ಕಣಪ್ಪ, ಸಂಜೆ ಮಿಕ್ಸಿ ತಿರುಗಲ್ಲ" ಅಂದರು. 18-0-18ರ ಟ್ರಾನ್ಸ್‌ಫಾರ್ಮರು ಹಾಕಿದರು. ಈಗ 172ರಲ್ಲೂ ರೆಗ್ಯುಲೇಟರಿಗೆ 18ರಷ್ಟು ಸಿಗುತ್ತದೆ. ನಡುರಾತ್ರಿ ಲೈನು 250ಕ್ಕೆ ಏರಿದರೆ ಅದೇ 27 ಆಗುತ್ತದೆ. ಹಾಗಾಗಿ 25 ವೋಲ್ಟಿನ ಹಳೆಯ ಕೆಪಾಸಿಟರು ತೆಗೆದು 50 ವೋಲ್ಟಿನವು ಬಂದವು. ಹೆಚ್ಚಾದದ್ದೆಲ್ಲ ಬಿಸಿಯಾಗಿ ಹೋಗಬೇಕಲ್ಲ, ಅದಕ್ಕೆ ದೊಡ್ಡ ಹೀಟ್‌ಸಿಂಕು. 7915ರ ಬೆನ್ನಿನ ತಗಡು ಗ್ರೌಂಡ್ ಅಲ್ಲ, ಅದರ ಇನ್‌ಪುಟ್. ಮಧ್ಯೆ ಮೈಕಾ ಹಾಳೆ ಇಡದೆ ಪೆಟ್ಟಿಗೆಗೆ ಬಿಗಿದರೆ ಸೀದಾ ಶಾರ್ಟು. ಇದನ್ನು ಅಣ್ಣನೇ ಮೂರು ಸಲ ಹೇಳಿದರು.

ಆಮೇಲಿನ ಐದು ರಾತ್ರಿಯ ಧ್ವನಿಮುದ್ರಣ ಶುಭ್ರವಾಗಿದೆ. ಮೊದಲೆರಡು ರಾತ್ರಿ ಹಾಡಿದ್ದರಲ್ಲಿ ಒಂದು ಭಾಗವನ್ನು ಹಿರಿಯರು ಮತ್ತೆ ಹಾಡಲಿಲ್ಲ. ಕೇಳಿದರೆ, "ಅವತ್ತು ಬಂದಿತ್ತು, ಹಾಡ್ದೆ" ಅನ್ನುತ್ತಾರೆ. ಅದನ್ನು ಗುಂಯ್ ಸಮೇತ ಹಾಗೇ ಇಟ್ಟಿದ್ದೇವೆ.