ಒಂದು ಕೊಡ ನೀರಿನ ಬೆನ್ನು ಹತ್ತಿ

ಶಾಲೆಯ ಪ್ರಾಜೆಕ್ಟ್ ಎಂದರೆ ನಮಗೆಲ್ಲ ಮೊದಲು ನೆನಪಾಗುವುದು ಸ್ಟೇಷನರಿ ಅಂಗಡಿ. ಥರ್ಮಾಕೋಲ್, ಬಣ್ಣದ ಹಾಳೆ, ಅಂಟು, ಚಾರ್ಟು! ವಿಜಯಪುರದ ಮಕ್ಕಳಾದ ನಾವು ಥರ್ಮಾಕೋಲಿನಲ್ಲಿ ಗೋಳಗುಮ್ಮಟವನ್ನು ಎಷ್ಟು ಸಲ ಕಟ್ಟಿದ್ದೇವೋ ಲೆಕ್ಕವಿಲ್ಲ. ಅರ್ಧ ಕೆಲಸ ಅಪ್ಪ ಅವ್ವನದು, ಉಳಿದರ್ಧ ಅಂಗಡಿಯವನದು. ಹೆಸರು ಮಾತ್ರ ನಮ್ಮದು.

ಈ ವರ್ಷ ನಾನು ಒಂಬತ್ತನೇ ತರಗತಿ. ನಮ್ಮ ಸಮಾಜ ವಿಜ್ಞಾನದ ಗುರುಗಳು ಡಿಸೆಂಬರಿನಲ್ಲಿ ಹಲಗೆಯ ಮೇಲೆ ಒಂದೇ ಸಾಲು ಬರೆದರು: ‘ನಿಮ್ಮ ಮನೆಯ ಒಂದು ಕೊಡ ನೀರು ಎಲ್ಲಿಂದ ಬಂತು?’

“ನಲ್ಲಿಯಿಂದ ಸರ್” ಎಂದು ಹಿಂದಿನ ಬೆಂಚಿನಿಂದ ಉತ್ತರ ಬಂತು. ಎಲ್ಲರೂ ನಕ್ಕೆವು. ಗುರುಗಳೂ ನಕ್ಕು, “ನಲ್ಲಿಗೆ ಎಲ್ಲಿಂದ?” ಎಂದರು. ನಗು ನಿಂತಿತು. ನಿಯಮ ಮೂರೇ ಮೂರು. ಅಂಗಡಿಯಿಂದ ಏನನ್ನೂ ಕೊಳ್ಳಬಾರದು. ಮೊಬೈಲಿನಿಂದ ನಕಲು ಮಾಡಬಾರದು. ಅರವತ್ತು ದಾಟಿದ ಕನಿಷ್ಠ ಮೂವರ ಹತ್ತಿರ ಕುಳಿತು ಮಾತು ಕೇಳಿ ಬರೆಯಬೇಕು. ಫೆಬ್ರುವರಿ 28ರ ವಿಜ್ಞಾನ ದಿನದಂದು ಒಪ್ಪಿಸಬೇಕು.

ನಾನು ನಮ್ಮ ಓಣಿಯಿಂದಲೇ ಶುರು ಮಾಡಿದೆ. ನಗರದ ನಲ್ಲಿಗೆ ನೀರು ಭೂತನಾಳ ಕೆರೆಯಿಂದಲೂ ಕೊಲ್ಹಾರದ ಬಳಿ ಕೃಷ್ಣಾ ನದಿಯಿಂದಲೂ ಬರುತ್ತದೆ. ಕೊಲ್ಹಾರ ಎಂದರೆ ನನಗೆ ಗೊತ್ತಿದ್ದದ್ದು ಗಡಿಗೆಯ ಗಟ್ಟಿ ಮೊಸರು ಮಾತ್ರ. ನಮ್ಮ ಓಣಿಯ ಕೊನೆಯ ಮನೆಯ ಆಯಿ ಕೊಲ್ಹಾರದವರು. ಅವರ ಮುಂದೆ ನೋಟ್‌ಬುಕ್ ಬಿಚ್ಚಿ ಕುಳಿತೆ.

ಆಲಮಟ್ಟಿ ಅಣೆಕಟ್ಟಿಗೆ ಅಡಿಗಲ್ಲು ಬಿದ್ದದ್ದು 1964ರಲ್ಲಿ, ಲಾಲ್ ಬಹಾದ್ದೂರ್ ಶಾಸ್ತ್ರಿಯವರ ಕೈಯಿಂದ. ಅದಕ್ಕೇ ಆ ಜಲಾಶಯಕ್ಕೆ ಅವರ ಹೆಸರು. ನೀರು ನಿಂತಂತೆ ದಂಡೆಯ ಊರುಗಳು ಮುಳುಗಿದವು. ಹಳೇ ಕೊಲ್ಹಾರವೂ ಮುಳುಗಿತು. ಜನ ಮೇಲೆ ಬಂದು ಹೊಸ ಊರು ಕಟ್ಟಿಕೊಂಡರು. ಇಷ್ಟನ್ನು ಹೇಳಿ ಆಯಿ ಸ್ವಲ್ಪ ಹೊತ್ತು ಸುಮ್ಮನಾದರು. ಆಮೇಲೆ, “ನೀ ಕುಡಿಯೂ ನೀರಿನ ತಳದಾಗ ನಮ್ಮ ಮನಿ ಹೊಸ್ತಲಾ ಐತಿ ನೋಡಪಾ. ಚೆಲ್ಲಬ್ಯಾಡ” ಎಂದರು.

ಆ ಮಾತು ಬರೆದುಕೊಂಡೆ. ಅಂದಿನಿಂದ ನಮ್ಮ ಮನೆಯ ಕೊಡ ನನಗೆ ಬರಿಯ ಕೊಡವಾಗಿ ಕಾಣಿಸಿಲ್ಲ.

ಹಾಗಾದರೆ ಕೃಷ್ಣೆಯ ನೀರು ಬರುವ ಮುಂಚೆ ಈ ಊರಿನ ಜನ ಏನು ಕುಡಿಯುತ್ತಿದ್ದರು? ನಮ್ಮ ಜಿಲ್ಲೆಯಲ್ಲಿ ವರ್ಷದ ಮಳೆ 600 ಮಿಲಿಮೀಟರ್ ಆಸುಪಾಸು. ಮಂಗಳೂರಿನಲ್ಲಿ 3,500 ಮಿಲಿಮೀಟರಿಗೂ ಹೆಚ್ಚು ಸುರಿಯುತ್ತದೆ. ಇಷ್ಟು ಕಡಿಮೆ ಮಳೆಯ ಜಾಗದಲ್ಲಿ ಆದಿಲ್‌ಶಾಹಿಗಳು ಸುಮಾರು ಇನ್ನೂರು ವರ್ಷ ರಾಜಧಾನಿ ನಡೆಸಿದ್ದು ಹೇಗೆ?

ಒಂದು ಭಾನುವಾರ ನಾವು ನಾಲ್ವರು ಗೆಳೆಯರು ಸೈಕಲ್ ಏರಿ ಹೊರಟೆವು. ಮೊದಲು ಚಾಂದ ಬಾವಡಿ. 1579ರಲ್ಲಿ ಒಂದನೇ ಅಲಿ ಆದಿಲ್‌ಶಾಹ ಕಟ್ಟಿಸಿದ್ದು. ಅದಕ್ಕೆ ಚಾಂದಬೀಬಿಯ ಹೆಸರು. ಆಮೇಲೆ ತಾಜ ಬಾವಡಿ. ಎರಡನೇ ಇಬ್ರಾಹಿಂ ಆದಿಲ್‌ಶಾಹನ ರಾಣಿ ತಾಜ್ ಸುಲ್ತಾನಾಳ ಹೆಸರಿನಲ್ಲಿ 1620ರ ಸುಮಾರಿಗೆ ಎದ್ದದ್ದು. ದೊಡ್ಡ ಕಮಾನು, ಎರಡೂ ಪಕ್ಕಕ್ಕೆ ಎಂಟು ಮೂಲೆಯ ಗೋಪುರಗಳು, ಕೆಳಗೆ ಹಸಿರು ನೀರು. ಗೋಳಗುಮ್ಮಟದಲ್ಲಿ ಕೂಗುವುದಕ್ಕೆ ಜನ ಸಾಲು ಹಚ್ಚುತ್ತಾರೆ. ಇಲ್ಲಿ ಪಾರಿವಾಳಗಳ ಸದ್ದು ಬಿಟ್ಟರೆ ಏನೂ ಇರಲಿಲ್ಲ. ನನ್ನ ಗೆಳೆಯ ಹೇಳಿದ: “ಗುಮ್ಮಟ ಇಲ್ದಿದ್ರೂ ಊರು ಇರ್ತಿತ್ತು. ಇದು ಇಲ್ದಿದ್ರ ಇರ್ತಿದ್ದಿಲ್ಲ.” ಅದನ್ನೂ ಬರೆದುಕೊಂಡೆವು.

ಇನ್ನೂ ಸೋಜಿಗದ್ದು ನೆಲದ ಕೆಳಗಿತ್ತು. ಪಶ್ಚಿಮಕ್ಕೆ ತೊರವಿ ಕಡೆಯಿಂದ ನೆಲದೊಳಗೆ ಸುರಂಗ ತೋಡಿ ನೀರು ತಂದಿದ್ದರು. ಪರ್ಷಿಯಾ ದೇಶದಿಂದ ಬಂದ ಈ ವಿದ್ಯೆಗೆ ಕರೇಜ್ ಎಂದು ಹೆಸರು, ಬೀದರಿನಲ್ಲೂ ಇದೆ. ದಕ್ಷಿಣಕ್ಕೆ ಬೇಗಂ ತಲಾಬ್ ಇದೆ. ಗೋಳಗುಮ್ಮಟದಲ್ಲಿ ಮಲಗಿರುವ ಮೊಹಮ್ಮದ್ ಆದಿಲ್‌ಶಾಹನೇ 1651ರಲ್ಲಿ ಅದನ್ನು ಕಟ್ಟಿಸಿದ. ಅಲ್ಲಿಂದ ಮಣ್ಣಿನ ಕೊಳವೆಗಳಲ್ಲಿ ನೀರು ಊರೊಳಗೆ ಬರುತ್ತಿತ್ತು. ದಾರಿಯುದ್ದಕ್ಕೂ ಅಲ್ಲಲ್ಲಿ ‘ಗಂಜ್’ ಎಂಬ ಎತ್ತರದ ಗೋಪುರಗಳು. ಇವು ಕಾವಲು ಗೋಪುರಗಳೆಂದೇ ನಾವು ತಿಳಿದಿದ್ದೆವು. ಅವುಗಳ ಕೆಲಸ ಬೇರೆಯೇ. ಇಳಿಜಾರಿನಲ್ಲಿ ಓಡಿಬರುವ ನೀರಿನ ಒತ್ತಡಕ್ಕೆ ಮಣ್ಣಿನ ಕೊಳವೆ ಒಡೆದುಹೋದೀತು. ಆದ್ದರಿಂದ ನೀರು ಗೋಪುರದೊಳಗೆ ಮೇಲೇರಿ, ತನ್ನ ರಭಸ ಕಳೆದುಕೊಂಡು, ಕೆಸರನ್ನು ಕೆಳಗೆ ಬಿಟ್ಟು ಮುಂದೆ ಸಾಗುತ್ತಿತ್ತು. ದ್ರವದ ಒತ್ತಡದ ಪಾಠವನ್ನು ನಾವು ಪುಸ್ತಕದಲ್ಲಿ ಓದಿದ್ದೆವು. ಅದೇ ಪಾಠದ ಪ್ರಯೋಗ ಮುನ್ನೂರೆಪ್ಪತ್ತು ವರ್ಷಗಳಿಂದ ನಮ್ಮ ಶಾಲೆಯ ದಾರಿಯಲ್ಲೇ ನಿಂತಿದೆ!

ಆ ತಿಂಗಳ ಕೊನೆಗೆ ಎಳ್ಳ ಅಮಾವಾಸ್ಯೆ ಬಂತು. ಬಬಲೇಶ್ವರದ ಹತ್ತಿರ ನಮ್ಮ ಮುತ್ಯಾನ ಹೊಲವಿದೆ. ನಗರದಿಂದ ಹೊರಟು ಸಾರವಾಡದ ಬಳಿ ಡೋಣಿ ಹೊಳೆ ದಾಟಿದರೆ ಕಣ್ಣು ಮುಟ್ಟುವಷ್ಟು ದೂರ ಕರಿ ನೆಲ. ಡೋಣಿಯ ನೀರು ಉಪ್ಪು, ಕುಡಿಯಲು ಆಗದು. ಆದರೆ ಅದರ ದಂಡೆಯ ಎರೆಭೂಮಿಯಲ್ಲಿ ಬೆಳೆಯುವ ಬಿಳಿಜೋಳಕ್ಕೆ ಸಮನಿಲ್ಲ. ಡೋಣಿ ಸೀಮೆ ಚೆನ್ನಾಗಿ ಬೆಳೆದರೆ ಓಣಿ ಓಣಿಗೂ ಕಾಳು ಎಂದು ಹಿರಿಯರು ಹೇಳುವುದು ಇದಕ್ಕೇ.

ಹೊಲಕ್ಕೆ ಹೋಗುವಾಗ ನಮ್ಮ ಬುತ್ತಿಯಲ್ಲಿ ಸಜ್ಜೆ ರೊಟ್ಟಿ, ಕಡಬು, ಪುಂಡಿ ಪಲ್ಲೆ, ಶೇಂಗಾ ಹೋಳಿಗೆ, ಬಾನ. ಪೂಜೆಯಾದ ಮೇಲೆ ಚರಗ ಚೆಲ್ಲಿದರು. ಕಾಕಾ ಮುಂದೆ ಅನ್ನ ಚೆಲ್ಲುತ್ತ ನಡೆದರೆ, ನಾನು ಹಿಂದೆ ತಂಬಿಗೆಯಿಂದ ನೀರು ಚಿಮುಕಿಸುತ್ತ ನಡೆದೆ. ಪ್ರತಿ ವರ್ಷ ಮಾಡುವ ಕೆಲಸವೇ. ಈ ಸಲ ಮಾತ್ರ ಮುತ್ಯಾನನ್ನು ಕೇಳಿದೆ, “ನೀರು ಯಾಕ?”

“ಉಂಡವರಿಗೆ ನೀರು ಕೊಡಬೇಕಲ್ಲೋ. ಈ ಭೂಮಿ ನಮಗ ಉಣ್ಣಾಕ ಕೊಡತೈತಿ. ವರ್ಷಕ್ಕೊಮ್ಮೆ ನಾವು ಅದಕ್ಕ ಉಣಸತೀವಿ.”

ಊಟ ಮುಗಿಸಿ ಬೇವಿನ ನೆರಳಲ್ಲಿ ಕುಳಿತು ಮುತ್ಯಾ ಒಂದೊಂದೇ ಹೇಳಿದ. ಎರೆಭೂಮಿಯೇ ನಮ್ಮ ಮೊದಲ ಕೆರೆಯಂತೆ. ಹಿಂಗಾರಿನ ಮಳೆಯನ್ನು ಹೀರಿ ಅದು ತಿಂಗಳುಗಟ್ಟಲೆ ಹಸಿ ಹಿಡಿದಿಟ್ಟುಕೊಳ್ಳುತ್ತದೆ. ಬಿತ್ತಿದ ಮೇಲೆ ಮಳೆಯೇ ಆಗದಿದ್ದರೂ ಆ ಹಸಿ ಮತ್ತು ಇಬ್ಬನಿಯ ಮೇಲೆ ಜೋಳ ಬೆಳೆಯುತ್ತದೆ. ಬೆಳೆದದ್ದನ್ನು ಹಗೇವಿನಲ್ಲಿ ಇಳಿಸುತ್ತಿದ್ದರು. ಹಗೇವು ಎಂದರೆ ನೆಲದೊಳಗೆ ತೋಡಿದ ಕಾಳಿನ ಗುಂಡಿ. ಗಾಳಿಯಾಡದಂತೆ ಬಾಯಿ ಮುಚ್ಚಿದರೆ ಎರಡು ಮೂರು ವರ್ಷ ಕಾಳು ಕೆಡದು. ತಟ್ಟನೆ ಬಾಯಿ ತೆರೆದು ಇಳಿಯುವಂತಿಲ್ಲ. ಒಳಗಿನ ಗಾಳಿ ವಿಷವಾಗಿರುತ್ತದೆ. ಮೊದಲು ದೀಪ ಇಳಿಬಿಟ್ಟು ನೋಡುತ್ತಿದ್ದರು. ದೀಪ ಆರಿದರೆ ಕಾಯಬೇಕು.

1972ರ ಬರದಲ್ಲಿ ಮುತ್ಯಾಗೆ ಹದಿನೆಂಟು. “ಹಗೇವು ತಳ ಕಂಡಿತು. ನಾನು, ನಿಮ್ಮ ಆಯಿ ರಸ್ತೆ ಕೆಲಸಕ್ಕ ಕಲ್ಲು ಒಡದೇವಿ. ಆಗ ಈ ಬಾವಿ ಬತ್ತಲಿಲ್ಲ. ಇಡೀ ವಸ್ತಿ ಮಂದಿ ಇಲ್ಲಿಂದನ ನೀರು ಒಯ್ದರು” ಎಂದು ಹೊಲದ ಮೂಲೆಯ ಬಾವಿಯನ್ನು ತೋರಿಸಿದ.

ಅದೇ ಬಾವಿಯ ಬಗ್ಗೆ ಅಂದು ಮಾತು ಬೆಳೆಯಿತು. ಈಗ ತುಬಚಿ–ಬಬಲೇಶ್ವರ ಏತ ನೀರಾವರಿಯಿಂದ ಕೃಷ್ಣೆಯ ನೀರನ್ನು ಮೇಲೆತ್ತಿ ಈ ಸೀಮೆಗೆ ತರುತ್ತಿದ್ದಾರೆ. ಕಾಲುವೆ ಬಂದಮೇಲೆ ಹಳೇ ಬಾವಿ ಯಾಕೆ ಎಂಬುದು ಕಾಕಾನ ಪ್ರಶ್ನೆ. ಮುಚ್ಚಿದರೆ ಎರಡು ಗುಂಟೆ ನೆಲ ಸಿಗುತ್ತದೆ, ದನ ಕರು ಬೀಳುವ ಭಯವೂ ಇಲ್ಲ. ಕಾಕಾನ ಮಾತು ಸುಳ್ಳಲ್ಲ. ಮುತ್ಯಾ ಏನೂ ಅನ್ನಲಿಲ್ಲ. ಎದ್ದು ಹೋಗಿ ಎತ್ತುಗಳಿಗೆ ನೀರು ಕುಡಿಸಿದ.

ಜನವರಿಯಲ್ಲಿ ಸಂಕ್ರಮಣ, ಸಿದ್ಧೇಶ್ವರ ಜಾತ್ರೆಯ ಗದ್ದಲ. ಫೆಬ್ರುವರಿಯಲ್ಲಿ ತಿಕೋಟಾದ ಮಾವಶಿಯ ಮನೆಗೆ ಹೋದೆ. ಅಥಣಿ ರಸ್ತೆಯಲ್ಲಿ ತೊರವಿ ದಾಟುವಾಗ ಅಪ್ಪ, “ತೊರವೆ ರಾಮಾಯಣ ಬರೆದ ಕುಮಾರ ವಾಲ್ಮೀಕಿಯ ಊರು ಇದು” ಎಂದರು. ಅಲ್ಲಿನ ನರಸಿಂಹನ ಗುಡಿಗೆ ಕೈಮುಗಿದು ಮುಂದೆ ಹೋದೆವು.

ಬಬಲೇಶ್ವರ, ತಿಕೋಟಾ ಎರಡೂ ಕೆಲವೇ ವರ್ಷಗಳ ಹಿಂದೆ ವಿಜಯಪುರ ತಾಲ್ಲೂಕಿನಿಂದ ಬೇರೆಯಾದ ಹೊಸ ತಾಲ್ಲೂಕುಗಳು. ತಿಕೋಟಾ ಎಂದರೆ ದ್ರಾಕ್ಷಿ. ಕಲ್ಲು ನೆಲ, ಒಣ ಗಾಳಿ, ಕೆಂಡದಂಥ ಬಿಸಿಲು. ನಾವು ಬೈದುಕೊಳ್ಳುವ ಈ ಮೂರೇ ಇಲ್ಲಿನ ಒಣದ್ರಾಕ್ಷಿಗೆ ವರ. ಹಣ್ಣಿನ ಗೊಂಚಲುಗಳನ್ನು ಪೊಟ್ಯಾಶಿಯಂ ಕಾರ್ಬೋನೇಟ್ ಮತ್ತು ಒಂದು ಬಗೆಯ ಎಣ್ಣೆ ಬೆರೆಸಿದ ನೀರಿನಲ್ಲಿ ಅದ್ದುತ್ತಾರೆ. ಸಿಪ್ಪೆಯ ಮೇಲಿನ ಮೇಣದಂಥ ಪದರು ಸಡಿಲಾಗಿ ಒಳಗಿನ ನೀರು ಬೇಗ ಹೊರಬರುತ್ತದೆ. ಆಮೇಲೆ ಶೆಡ್ಡಿನ ನೆರಳಿನಲ್ಲಿ ಅಂತಸ್ತು ಅಂತಸ್ತಾಗಿ ಕಟ್ಟಿದ ಬಲೆಗಳ ಮೇಲೆ ಸುಮಾರು ಎರಡು ವಾರ ಒಣಗಿಸುತ್ತಾರೆ. ನಾಲ್ಕು ಕಿಲೋ ಹಣ್ಣಿಗೆ ಹೆಚ್ಚುಕಡಿಮೆ ಒಂದು ಕಿಲೋ ಒಣದ್ರಾಕ್ಷಿ. ಉಳಿದ ಮೂರು ಕಿಲೋ ನೀರು ಗಾಳಿಪಾಲು!

ಆ ಲೆಕ್ಕ ಹೇಳಿದಾಗ ಮಾವಶಿಯ ಅತ್ತೆ ನಕ್ಕರು. ನನ್ನ ಪಟ್ಟಿಯ ಮೂರನೇ ಹಿರಿಯರು ಅವರೇ. “ಗಾಳಿಗೆ ಹೋದದ್ದು ಅಷ್ಟ ಅಲ್ಲ. ಮಳಿ ಕೈ ಕೊಟ್ಟ ವರ್ಷ ಕೊರೆದ ಬೋರೆಲ್ಲಾ ಒಣಗಿದ್ವು. ಟ್ಯಾಂಕರ್ ತರಿಸಿ ಬಳ್ಳಿ ಉಳಿಸಿದಿವಿ. ಬಂಗಾರ ಮಾರಿ ನೀರು ಕೊಂಡೀವಿ” ಎಂದು ಬರಿ ಕೈ ತೋರಿಸಿದರು. ಆ ಬಳೆಗಳನ್ನು ಮತ್ತೆ ಮಾಡಿಸಿದ್ದಾರಾ ಎಂದು ಕೇಳುವ ಧೈರ್ಯ ನನಗೆ ಬರಲಿಲ್ಲ. ಹೊರಡುವಾಗ ಒಂದು ಡಬ್ಬಿ ತುಂಬ ಒಣದ್ರಾಕ್ಷಿ ಕೊಟ್ಟರು.

ಫೆಬ್ರುವರಿ 28ರಂದು ನಮ್ಮ ತರಗತಿಯಲ್ಲಿ ಚಾರ್ಟುಗಳಿರಲಿಲ್ಲ. ಗುರುಗಳು ಹಿರಿಯರನ್ನೇ ಕರೆಸಿದ್ದರು. ಕೊಲ್ಹಾರದ ಆಯಿ, ನಮ್ಮ ಮುತ್ಯಾ, ಗೆಳೆಯರ ಮನೆಯ ಅಜ್ಜ ಅಜ್ಜಿಯರು ಬೆಂಚಿನ ಮೇಲೆ ಕುಳಿತರು. ನಾವು ನೆಲದ ಮೇಲೆ. ನಾನು ಮೇಜಿನ ಮೇಲೆ ಮೂರು ವಸ್ತು ಇಟ್ಟೆ: ಒಂದು ತಂಬಿಗೆ ನಲ್ಲಿ ನೀರು, ಒಂದು ಹಿಡಿ ಜೋಳ, ಒಂದು ಹಿಡಿ ಒಣದ್ರಾಕ್ಷಿ. ಕೇಳಿದ್ದನ್ನೆಲ್ಲ ಓದಿದೆ.

ಆಮೇಲೆ ನಡೆದದ್ದು ಓದಿದ್ದಕ್ಕಿಂತ ಚೆನ್ನಾಗಿತ್ತು. ಒಬ್ಬ ಅಜ್ಜ, “ಕಾಲುವೆ ಬಂದ ಮ್ಯಾಲೆ ನಮ್ಮ ಹುಡುಗರು ದುಡಿಯಾಕ ದೂರದ ಊರಿಗೆ ಗುಳೆ ಹೋಗೂದು ಕಡಿಮಿ ಆಗೈತಿ” ಎಂದರು. ಇನ್ನೊಬ್ಬ ಅಜ್ಜಿ, “ನೀರು ಬಂತು, ಜೋಳ ಹೋತು. ರೊಟ್ಟಿಗೆ ಹಿಟ್ಟು ಅಂಗಡ್ಯಾಗ ತರತೀವಿ” ಎಂದರು. ಕೊಲ್ಹಾರದ ಆಯಿ ಇಬ್ಬರ ಕಡೆಗೂ ತಲೆಯಾಡಿಸಿದರು. ಪಠ್ಯಪುಸ್ತಕದ ಪ್ರಶ್ನೆಗೆ ಸರಿ ಉತ್ತರ ಒಂದೇ. ಇಲ್ಲಿ ಮೂವರೂ ಬೇರೆ ಬೇರೆ ಹೇಳಿದರು, ಮೂವರ ಮಾತೂ ಸರಿ ಇತ್ತು. ಇಂಥದ್ದನ್ನು ನಮ್ಮ ತರಗತಿ ಹಿಂದೆ ಕಂಡಿರಲಿಲ್ಲ.

ಓದುಗ ಗೆಳೆಯರೇ, ನಿಮ್ಮ ಊರು ಯಾವುದಾದರೂ ಇರಲಿ, ಈ ರಜೆಯಲ್ಲಿ ಇಷ್ಟು ಕೇಳಿ ನೋಡಿ. ನೀವು ಚಿಕ್ಕವರಿದ್ದಾಗ ನೀರು ತರುತ್ತಿದ್ದದ್ದು ಯಾರು, ಎಷ್ಟು ದೂರದಿಂದ? ಯಾವ ಬಾವಿ ಎಂದೂ ಬತ್ತಲಿಲ್ಲ? ಈಗ ಅದು ಎಲ್ಲಿದೆ? ಮತ್ತು ಅಜ್ಜ ಅಜ್ಜಿಯರೇ, ಮಕ್ಕಳು ಕೇಳಲಿ ಎಂದು ಕಾಯಬೇಡಿ. ನಮಗೆ ಕೇಳಲು ತಿಳಿಯದು. ನೀವೇ ಕರೆದು ಕೂರಿಸಿಕೊಳ್ಳಿ.

ಇನ್ನು ಮುತ್ಯಾನ ಬಾವಿಯ ಸಂಗತಿ. ಶಾಲೆಯಿಂದ ಮರಳುವಾಗ ಕಾಕಾ ತಾನೇ ಮಾತು ತೆಗೆದ. ಈ ವರ್ಷ ಮುಚ್ಚುವುದು ಬೇಡ, ಸುತ್ತ ಕಟ್ಟೆ ಕಟ್ಟಿಸೋಣ, ಒಂದು ವರ್ಷ ನೋಡಿ ತೀರ್ಮಾನಿಸೋಣ ಎಂದ. ನೋಡುವ ಕೆಲಸ ನನ್ನದು. ಪ್ರತಿ ತಿಂಗಳ ಕೊನೆಯ ಭಾನುವಾರ ಹಗ್ಗಕ್ಕೆ ಕಲ್ಲು ಕಟ್ಟಿ ಇಳಿಬಿಟ್ಟು, ನೀರು ಎಷ್ಟು ಮೊಳದ ಕೆಳಗಿದೆ ಎಂದು ಮುತ್ಯಾನ ಕೈಯಿಂದ ಅಳೆಸಿ ಬರೆಯಬೇಕು. ಮಾರ್ಚ್ ತಿಂಗಳ ಲೆಕ್ಕ ಹನ್ನೊಂದು ಮೊಳ. ಏಪ್ರಿಲ್ ತಿಂಗಳದ್ದು ಹದಿಮೂರೂವರೆ. ಮೇ ತಿಂಗಳ ಸಾಲು ಇನ್ನೂ ಖಾಲಿ ಇದೆ.