ಶಾಂತಿಯಲ್ಲಿ ಎಂ. ಎ.

ಜಗಳ ಕಲಿಯುವುದಕ್ಕೆ ಶಾಲೆ ಬೇಕಿಲ್ಲ. ಶಾಂತಿಗೆ ಮಾತ್ರ ಎಂ. ಎ. ಬೇಕೆಂಬುದು ನನಗೆ ತಿಳಿದದ್ದು ಮಗಳಿಂದ. ದಿಲ್ಲಿಯ ಜಾಮಿಯಾ ಮಿಲಿಯಾ ವಿಶ್ವವಿದ್ಯಾಲಯದಲ್ಲಿ ನೆಲ್ಸನ್ ಮಂಡೇಲಾರ ಹೆಸರಿನ ಕೇಂದ್ರವೊಂದಿದೆ, 2004ರಲ್ಲಿ ಆರಂಭವಾದದ್ದು. ಜಗಳ ಹೇಗೆ ಹುಟ್ಟುತ್ತದೆ, ಹೇಗೆ ಆರುತ್ತದೆ, ಒಡೆದ ಮನಸ್ಸುಗಳು ಹೇಗೆ ಕೂಡುತ್ತವೆ ಎಂಬುದನ್ನು ಅಲ್ಲಿ ಎರಡು ವರ್ಷ ಓದಿಸುತ್ತಾರೆ. ಆಕೆ ಅಲ್ಲಿಗೆ ಸೇರಿದಾಗ ಬೆಟಗೇರಿಯ ನಮ್ಮ ಓಣಿಯಲ್ಲಿ ಎಲ್ಲರದೂ ಒಂದೇ ಪ್ರಶ್ನೆ: “ಅದನ್ನ ಓದಿದ್ರ ನೌಕರಿ ಎಲ್ಲಿ ಸಿಗತೈತ್ರೀ?” “ಜಗಳ ಇರೋತನಕ ಆಕೀಗೆ ಕೆಲಸಕ್ಕೇನು ಕಡಿಮಿಲ್ಲ” ಎಂದು ನಾನು ನಗೆಯಾಡಿ ಪಾರಾಗುತ್ತಿದ್ದೆ.

ರಜೆಗೆ ಬಂದವಳು ಊಟಕ್ಕೆ ಕುಳಿತಾಗಲೆಲ್ಲ ಪಾಠ ಹೇಳುವಳು. ನಾರ್ವೆಯ ಯೋಹಾನ್ ಗಾಲ್ಟುಂಗ್ ಎಂಬ ವಿದ್ವಾಂಸ 1959ರಲ್ಲಿ ಆಸ್ಲೋದಲ್ಲಿ ಶಾಂತಿ ಸಂಶೋಧನೆಯ ಸಂಸ್ಥೆ ಕಟ್ಟಿದನಂತೆ. ಬಡಿದಾಟ ನಿಂತಿತೆಂದರೆ ಶಾಂತಿ ಬಂತೆಂದಲ್ಲ, ಬಡಿದಾಟದ ಬೇರಾದ ಅನ್ಯಾಯ ಹೋಗಬೇಕು ಎಂಬುದು ಆತನ ವಾದದ ತಿರುಳು. ಇಂಗ್ಲೆಂಡಿನ ಬ್ರಾಡ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ 1973ರಿಂದಲೇ ಈ ವಿದ್ಯೆಗೆ ಪ್ರತ್ಯೇಕ ವಿಭಾಗವಿದೆ. ದಕ್ಷಿಣ ಆಫ್ರಿಕದಲ್ಲಿ 1996ರಲ್ಲಿ ಡೆಸ್ಮಂಡ್ ಟುಟು ಅವರ ಅಧ್ಯಕ್ಷತೆಯ ಆಯೋಗದ ಮುಂದೆ ನೊಂದವರೂ ನೋಯಿಸಿದವರೂ ಬಂದು ನಡೆದದ್ದನ್ನು ನಡೆದ ಹಾಗೆಯೇ ಹೇಳಿದರು. ಮೊದಲು ಸತ್ಯ, ಆಮೇಲೆ ಸಂಧಾನ.

“ಇದಕ್ಕ ದಿಲ್ಲಿತನಕ ಯಾಕ ಹೋಗಬೇಕಿತ್ತು? ನಮ್ಮ ಜಿಲ್ಲಾ ಸಾಲದೇನು?” ಎಂದು ಹೆಮ್ಮೆಯಿಂದ ನಾನೇ ಅವಳನ್ನು ಸುತ್ತಾಡಿಸಲು ಹೊರಟೆ. ಗದಗಿನ ವೀರನಾರಾಯಣ, ತ್ರಿಕೂಟೇಶ್ವರ ದೇವಾಲಯಗಳಿಗೂ ಜುಮ್ಮಾ ಮಸೀದಿಗೂ ಒಂದೇ ಟ್ರಸ್ಟ್ ಇರುವುದನ್ನು ಹೇಳಿದೆ. ಹಿಂದೂ ಮುಸಲ್ಮಾನರಿಬ್ಬರೂ ನಡೆದುಕೊಳ್ಳುವ ಶಿರಹಟ್ಟಿಯ ಫಕೀರೇಶ್ವರ ಮಠಕ್ಕೆ ಕರೆದೊಯ್ದೆ. ಲಕ್ಷ್ಮೇಶ್ವರದಲ್ಲಿ ಸೋಮೇಶ್ವರ ಗುಡಿ, ಶಂಖ ಬಸದಿ, ದೂದನಾನಾ ದರ್ಗಾ ಮೂರನ್ನೂ ಒಂದೇ ದಿನ ತೋರಿಸಿದೆ. ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಪಾಟೀಲರು ಕೃಷಿ ಸಹಕಾರಿ ಸಂಘ ಕಟ್ಟಿದ ಕಥೆ ಹೇಳಿ, “ಸಾಲದ ಬೇರು ಕಿತ್ತರ ಅರ್ಧ ಜಗಳ ಹೋಗತಾವ, ನಿನ್ನ ಗಾಲ್ಟುಂಗ್ ಹೇಳಿದ್ದೂ ಇದ್ದ ಹೌದಲ್ಲೊ?” ಎಂದೆ. ಅವಳು ಎಲ್ಲವನ್ನೂ ಬರೆದುಕೊಂಡಳು.

ತಿರುಗಿ ಬರುವಾಗ ಬಸ್ಸಿನಲ್ಲಿ ಮೆಲ್ಲಗೆ ಕೇಳಿದಳು: “ಅಪ್ಪಾ, ದೊಡ್ಡಪ್ಪನ ಕೂಡ ನೀ ಮಾತು ಬಿಟ್ಟು ಎಷ್ಟು ವರ್ಷ ಆತು?”

ಹನ್ನೊಂದು. ದಂಬಳದಲ್ಲಿ ನಮ್ಮ ಹಿರಿಯರ ಎರಿ ಹೊಲವಿದೆ; ಪಾಲಾದಾಗ ನಡುವೆ ಒಂದು ಬದು ಬಂತು. ಆ ಬದುವಿನ ವ್ಯಾಜ್ಯ ಮುಂಡರಗಿಯ ಕೋರ್ಟಿನಲ್ಲಿದೆ. ವಕೀಲರಿಗೆ ಕೊಟ್ಟ ಹಣದಲ್ಲಿ ಅಂಥ ಹತ್ತು ಬದುಗಳನ್ನು ಕೊಳ್ಳಬಹುದಾಗಿತ್ತು. ಅಣ್ಣನೇ ಬದು ಒತ್ತಿದನೆಂದು ಊರಿಗೆಲ್ಲ ಹೇಳಿದ್ದೇನೆ. ಆದರೆ ಒಂದು ಮಳೆಗಾಲ ಕೊಚ್ಚಿಹೋದ ಬದುವನ್ನು ಮತ್ತೆ ಹಾಕಿಸುವಾಗ ಎರಡು ಮೊಳ ಆಚೆ ಸರಿಸಿದವನು ನಾನೇ. ಇದು ಇಷ್ಟು ವರ್ಷ ನನಗೂ ಅಂದಿನ ಆಳಿಗೂ ಮಾತ್ರ ಗೊತ್ತಿತ್ತು. ಆ ರಾತ್ರಿ ಮಗಳಿಗೆ ಹೇಳಿದೆ. ಅವಳು ಟಿಪ್ಪಣಿಯ ಪುಸ್ತಕ ತೆರೆಯಲಿಲ್ಲ. “ನನಗ ಹೇಳಿದ್ರ ಏನ ಬಂತಪ್ಪಾ?” ಎಂದಳು.

ದಂಬಳದ ಜಾತ್ರೆ ಬಂತು. ಅಲ್ಲಿಯ ರೊಟ್ಟಿ ಜಾತ್ರೆಯನ್ನು ಬಲ್ಲವರೇ ಬಲ್ಲರು. 2018ರಲ್ಲಿ ಲಿಂಗೈಕ್ಯರಾದ ತೋಂಟದಾರ್ಯ ಮಠದ ಸಿದ್ಧಲಿಂಗ ಸ್ವಾಮಿಗಳು ಎಲ್ಲ ಜಾತಿಯವರೂ ಒಟ್ಟಿಗೆ ಉಣ್ಣಲೆಂದು ಆರಂಭಿಸಿದ್ದು. ಮನೆಮನೆಯಿಂದ ಖಡಕ್ ರೊಟ್ಟಿ ಬಂದು ರಾಶಿ ಬೀಳುತ್ತದೆ. ರಾಶಿಗೆ ಬಿದ್ದ ರೊಟ್ಟಿಗೆ ಮನೆಯ ಗುರುತಿಲ್ಲ. ಬಡಿದ ಕೈಯ ಜಾತಿಯನ್ನು ಅದು ಹೇಳುವುದಿಲ್ಲ. ನನ್ನ ಹೆಂಡತಿ ಬಡಿದದ್ದೂ ಅತ್ತಿಗೆ ಬಡಿದದ್ದೂ ಅಲ್ಲಿ ಒಂದೇ.

ಮಗಳ ಪಕ್ಕದಲ್ಲಿ ರೊಟ್ಟಿ ಹಿಡಿದು ಕುಳಿತಿದ್ದೆ. ಬಡಿಸುವವರ ಸಾಲಿನಲ್ಲಿ ಅಣ್ಣ ಬಂದ. ತಲೆ ಪೂರಾ ಬೆಳ್ಳಗಾಗಿದೆ. ನನ್ನ ಮುಂದೆ ಬಂದು ಒಂದು ಗಳಿಗೆ ನಿಂತ.

“ಕರಿಂಡಿ ಹಾಕ್ಲೇನು?”

“ಹಾಕು, ಅಣ್ಣಾ.”

ಹಾಕಿ ಮುಂದೆ ನಡೆದ. ಕಣ್ಣಲ್ಲಿ ನೀರು ಬಂತು; ಕರಿಂಡಿ ಖಾರವಾಗಿತ್ತೆಂದು ಮಗಳಿಗೆ ಹೇಳಿದೆ. ಏಳುವ ಹೊತ್ತಿಗೆ ಅವನೇ ಬಂದು, ಎಲ್ಲೋ ನೋಡುತ್ತ, “ಮುಂದಿನ ತಾರೀಖಿಗೆ ನೀ ಬರೋ ಬಸ್ಸಿನಾಗ ನನಗೊಂದು ಸೀಟು ಹಿಡಿ” ಎಂದ. ಇಷ್ಟು ದಿನ, ನಾನಿದ್ದ ಬಸ್ಸು ದಂಬಳದಲ್ಲಿ ನಿಂತರೆ ಅವನು ಅದನ್ನು ಬಿಟ್ಟು ಮುಂದಿನದಕ್ಕೆ ಕಾಯುತ್ತಿದ್ದ.

ವ್ಯಾಜ್ಯವಿನ್ನೂ ಮುಗಿದಿಲ್ಲ, ಬದು ಸರಿಸಿದಲ್ಲೇ ಇದೆ. ಮಗಳ ಲೆಕ್ಕದಲ್ಲಿ ಇದಿನ್ನೂ ಶಾಂತಿಯಲ್ಲ. ದಂಬಳದಿಂದ ಮುಂಡರಗಿಗೆ ಬಸ್ಸಿನಲ್ಲಿ ಸುಮಾರು ಅರ್ಧ ಗಂಟೆ. ಎರಡು ಮೊಳದ ಮಾತು ಹೇಳುವುದಕ್ಕೆ ಅಷ್ಟು ಹೊತ್ತು ಸಾಕು.