ಗಗನದ ಮಾತು

ಮರವಂತೆಯಲ್ಲಿ ಒಂದು ಕಡೆ ಸೌಪರ್ಣಿಕಾ ನದಿ, ಇನ್ನೊಂದು ಕಡೆ ಅರಬ್ಬೀ ಸಮುದ್ರ, ನಡುವೆ ಹೆದ್ದಾರಿ. ಸಂಜೆಯ ಹೊತ್ತು ಅಲ್ಲಿ ನಿಂತವರಿಗೆ ದೂರದಲ್ಲಿ ಮೀನುಗಾರರ ಬೋಟುಗಳು ಕಾಣುತ್ತವೆ. ಒಮ್ಮೊಮ್ಮೆ ಬಹು ಎತ್ತರದಲ್ಲಿ, ಬೆಳ್ಳಿಯ ಚುಕ್ಕೆಯಂತೆ, ವಿಮಾನವೊಂದು ತೇಲಿಹೋಗುತ್ತದೆ. ದಡದಲ್ಲಿರುವವರ ಪಾಲಿಗೆ ಎರಡೂ ಮೂಕ. ಆದರೆ ನಿಜದಲ್ಲಿ ಎರಡೂ ಮಾತನಾಡುತ್ತಿರುತ್ತವೆ: ಬೋಟು ಬೋಟಿನೊಡನೆ, ವಿಮಾನ ನೆಲದೊಡನೆ. ಕಣ್ಣಿಗೆ ಕಾಣದ ರೇಡಿಯೋ ಅಲೆಗಳೇ ಆ ಮಾತಿಗೆ ದಾರಿ.

ಬಜಪೆಯ ಗುಡ್ಡದ ಮೇಲಿನ ವಿಮಾನ ನಿಲ್ದಾಣವು 1951ರ ಡಿಸೆಂಬರ್ 25ರಂದು ಆರಂಭವಾಯಿತು. ಪ್ರಧಾನಿ ಜವಾಹರಲಾಲ್ ನೆಹರೂ ಅಂದು ಅಲ್ಲಿ ಬಂದಿಳಿದರು. ಅಂದಿನಿಂದ ಕುಂದಾಪುರ, ಬೈಂದೂರು, ಬ್ರಹ್ಮಾವರಗಳ ಎಷ್ಟೋ ಮಂದಿ ಹೊಟ್ಟೆಪಾಡಿಗಾಗಿ ಅಲ್ಲಿಂದ ಮುಂಬಯಿಗೂ ಕೊಲ್ಲಿ ರಾಷ್ಟ್ರಗಳಿಗೂ ಹಾರಿದ್ದಾರೆ. ಹಾಗೆ ಹಾರುವವರ ಕ್ಷೇಮವು ವಿಮಾನದ ಚಾಲಕನಿಗೂ ನೆಲದ ಮೇಲಿನ ನಿಯಂತ್ರಕನಿಗೂ ನಡೆಯುವ ಸಂಭಾಷಣೆಯನ್ನು ಅವಲಂಬಿಸಿದೆ.

ಆ ಸಂಭಾಷಣೆಗೆ ಕಟ್ಟುನಿಟ್ಟಾದ ನಿಯಮಗಳುಂಟು. ಇಂಗ್ಲಿಷಿನ 'ಫೈವ್' ಮತ್ತು 'ನೈನ್' ಎಂಬ ಪದಗಳು ಗದ್ದಲದಲ್ಲಿ ಒಂದೇ ತೆರನಾಗಿ ಕೇಳಿಸಬಹುದೆಂದು ಒಂಬತ್ತನ್ನು 'ನೈನರ್' ಎನ್ನುತ್ತಾರೆ. ಅಕ್ಷರಗಳಿಗೆ 'ಆಲ್ಫಾ', 'ಬ್ರಾವೋ', 'ಚಾರ್ಲಿ' ಎಂಬ ಹೆಸರುಗಳಿವೆ. ನಿಯಂತ್ರಕನು ಕೊಟ್ಟ ಮುಖ್ಯ ಸೂಚನೆಯನ್ನು ಚಾಲಕನು ಮರಳಿ ಒಪ್ಪಿಸಬೇಕು. ಯಕ್ಷಗಾನದಲ್ಲಿ ಭಾಗವತರು ಹಾಡಿದ ಪದ್ಯದ ಅರ್ಥವನ್ನು ವೇಷಧಾರಿಯು ತನ್ನ ಮಾತಿನಲ್ಲಿ ಬೆಳೆಸುತ್ತಾನೆ. ಇಲ್ಲಿ ಬೆಳೆಸುವ ಸ್ವಾತಂತ್ರ್ಯವಿಲ್ಲ. ಕೇಳಿದ್ದನ್ನು ಕೇಳಿದಂತೆಯೇ ಹೇಳಬೇಕು.

ಆದರೂ ರಾಜನ ಒಡ್ಡೋಲಗದೊಳಕ್ಕೆ ಹಾಸ್ಯಗಾರನು ನುಸುಳುವಂತೆ, ಈ ಬಿಗಿಯಾದ ಮಾತಿನೊಳಕ್ಕೂ ನಗೆ ನುಸುಳುತ್ತದೆ. ವಿಮಾನ ಚಾಲಕರು ತಮ್ಮತಮ್ಮಲ್ಲಿ ಹೇಳಿಕೊಂಡು ನಗುವ ಕತೆಯೊಂದಿದೆ. "ನಿಮ್ಮ ಎತ್ತರ ಮತ್ತು ಸ್ಥಾನವನ್ನು ತಿಳಿಸಿ" ಎಂದನಂತೆ ನಿಯಂತ್ರಕ. "ಎತ್ತರ ಐದಡಿ ಹತ್ತಂಗುಲ, ಸ್ಥಾನ ಎಡಗಡೆಯ ಕುರ್ಚಿ" ಎಂದು ಬಂತಂತೆ ಉತ್ತರ! ಇನ್ನೊಂದು ಕತೆ ಜರ್ಮನಿಯ ಫ್ರಾಂಕ್‌ಫರ್ಟ್ ನಿಲ್ದಾಣದ್ದು. ಬಂದಿಳಿದ ಬ್ರಿಟಿಷ್ ವಿಮಾನವೊಂದು ದಾರಿ ತಿಳಿಯದೆ ನಿಂತಿತು. ನಿಯಂತ್ರಕನು ಸಿಡುಕಿನಿಂದ, "ನೀವು ಹಿಂದೆಂದೂ ಫ್ರಾಂಕ್‌ಫರ್ಟಿಗೆ ಬಂದಿಲ್ಲವೇ?" ಎಂದು ಕೇಳಿದನು. ಮಹಾಯುದ್ಧದಲ್ಲಿ ಬಾಂಬರ್ ಹಾರಿಸಿದ್ದ ಆ ಹಿರಿಯ ಚಾಲಕನು ತಣ್ಣಗೆ, "ಬಂದಿದ್ದೆ, 1944ರಲ್ಲಿ. ಆದರೆ ಆಗ ಇಳಿಯಲಿಲ್ಲ" ಎಂದನಂತೆ. ಇವು ನಡೆದವೋ ಕಟ್ಟಿದವೋ, ನಗೆಯಂತೂ ಸುಳ್ಳಲ್ಲ.

ಹಾಸ್ಯಗಾರನಿಗೆ ರಂಗಕ್ಕೆ ಬರುವ ಹೊತ್ತಿನಷ್ಟೇ ಹಿಂದೆ ಸರಿಯುವ ಹೊತ್ತೂ ಗೊತ್ತಿರಬೇಕು. ಏಕೆಂದರೆ ಈ ರಂಗದಲ್ಲಿ ಒಂದು ಮಾತು ಮಸುಕಾದರೂ ಅನರ್ಥವಾದೀತು. 1977ರ ಮಾರ್ಚ್ 27ರಂದು ಸ್ಪೇನ್ ದೇಶಕ್ಕೆ ಸೇರಿದ ಟೆನೆರೀಫ್ ದ್ವೀಪದಲ್ಲಿ ಮಂಜು ಕವಿದಿತ್ತು. ಒಂದೇ ರನ್‌ವೇಯ ಮೇಲೆ ಎರಡು ಜಂಬೋ ವಿಮಾನಗಳಿದ್ದವು. ಒಂದರ ಚಾಲಕರು ಆಡಿದ ಮಾತು ಸ್ಪಷ್ಟವಾಗಿರಲಿಲ್ಲ. ನಿಯಂತ್ರಕನು "ಓಕೆ" ಎಂದು, ಬಳಿಕ ಕಾಯುವಂತೆ ಹೇಳಿದನು. ಅದೇ ಕ್ಷಣದಲ್ಲಿ ಇನ್ನೊಂದು ವಿಮಾನದವರು, ತಾವಿನ್ನೂ ರನ್‌ವೇಯಲ್ಲೇ ಇದ್ದೇವೆ ಎಂದರು. ಎರಡು ದನಿಗಳು ಒಂದಕ್ಕೊಂದು ತಾಗಿ, ಕೇಳಬೇಕಾದವರಿಗೆ ಕೀರಲು ಸದ್ದು ಮಾತ್ರ ಕೇಳಿಸಿತು. ವಿಮಾನಗಳು ಡಿಕ್ಕಿ ಹೊಡೆದು 583 ಮಂದಿ ಮಡಿದರು. ಆ ದುರಂತದ ಬಳಿಕ ಮಾತಿನ ನಿಯಮಗಳು ಇನ್ನಷ್ಟು ಬಿಗಿಯಾದವು.

ಹಾಗಾದರೆ ಆಪತ್ತಿನಲ್ಲಿ ನಗೆಗೆ ಎಡೆಯೇ ಇಲ್ಲವೆ? 1989ರ ಜುಲೈ 19ರಂದು ಅಮೆರಿಕದ ಡೆನ್ವರಿನಿಂದ ಷಿಕಾಗೋಗೆ 296 ಮಂದಿಯನ್ನು ಹೊತ್ತು ಹೋಗುತ್ತಿದ್ದ ವಿಮಾನವೊಂದರ ಬಾಲದ ಎಂಜಿನ್ ಸಿಡಿಯಿತು. ವಿಮಾನವನ್ನು ತಿರುಗಿಸುವ, ಏರಿಸುವ, ಇಳಿಸುವ ಸಾಧನಗಳೆಲ್ಲ ನಿಷ್ಕ್ರಿಯವಾದವು. ಕ್ಯಾಪ್ಟನ್ ಆಲ್ ಹೇನ್ಸ್ ಮತ್ತು ಸಂಗಡಿಗರು ಉಳಿದೆರಡು ಎಂಜಿನುಗಳ ವೇಗವನ್ನು ಹೆಚ್ಚುಕಡಿಮೆ ಮಾಡುತ್ತಲೇ ಸೂ ಸಿಟಿ ಎಂಬ ಊರಿನತ್ತ ಅದನ್ನು ತಂದರು. ನಿಯಂತ್ರಕನು, "ಯಾವ ರನ್‌ವೇಯಲ್ಲಾದರೂ ಇಳಿಯಬಹುದು" ಎಂದು ಅನುಮತಿಯಿತ್ತನು. ಹೇನ್ಸ್ ನಕ್ಕು, "ರನ್‌ವೇಯೇ ಆಗಬೇಕೆಂದು ನಿಮ್ಮ ಹಟವೋ?" ಎಂಬರ್ಥದ ಮಾತನಾಡಿದರು. ವಿಮಾನ ನೆಲಕ್ಕೆ ಬಡಿದು ಛಿದ್ರವಾಯಿತು. ಆದರೂ 184 ಮಂದಿ ಬದುಕಿ ಉಳಿದರು. ಆ ನಗೆ ಅಲಕ್ಷ್ಯದಿಂದ ಹುಟ್ಟಿದ್ದಲ್ಲ. ಮಾಡಬೇಕಾದುದನ್ನೆಲ್ಲ ಮಾಡುತ್ತಿರುವವನ ಎದೆಯ ಸ್ಥಿರತೆ ಅದು. ಅದನ್ನು ಕೇಳಿದ ನಿಯಂತ್ರಕನೂ ತನ್ನ ಕೆಲಸವನ್ನು ತಪ್ಪದೆ ಮಾಡಿದನು.

ಇಂಥ ನಗೆಯನ್ನು ಕಾಣಲು ದೂರ ಹೋಗಬೇಕಾಗಿಲ್ಲ. ಕರಾವಳಿಯ ಮೀನುಗಾರಿಕಾ ಬೋಟುಗಳಲ್ಲಿಯೂ ರೇಡಿಯೋ ಇರುತ್ತದೆ. 'ಬರುವುದು' ಎಂಬುದನ್ನು 'ಬಪ್ಪುದು' ಎಂದು ಮುಗಿಸುವ ಕುಂದಗನ್ನಡವು ಅದಕ್ಕೆ ಹೇಳಿ ಮಾಡಿಸಿದ ಭಾಷೆ. "ಹ್ವಾಯ್, ಎಂತ ಸಿಕ್ಕಿತ್?" ಎಂದು ಒಂದು ಬೋಟಿನವರು ಕೇಳಿದರೆ, "ಬಲಿ ತುಂಬ ನೀರ್ ಸಿಕ್ಕಿತ್ ಮಾರಾಯ್ರೆ!" ಎಂಬಂಥ ಉತ್ತರ ಇನ್ನೊಂದರಿಂದ ಬರುತ್ತದೆ. ಬರಿಗೈಯ ಬೇಸರವೂ ಆ ನಗೆಯಲ್ಲಿ ಕರಗುತ್ತದೆ. ಆದರೆ ಗಾಳಿ ತಿರುಗಿ ಕಡಲು ಏರತೊಡಗಿದರೆ ಹಾಸ್ಯ ತಾನಾಗಿ ನಿಲ್ಲುತ್ತದೆ. ಇರುವ ಜಾಗ, ಗಾಳಿಯ ದಿಕ್ಕು, ಅಳಿವೆಯ ಸ್ಥಿತಿ, ಇಷ್ಟೇ ಮಾತು. ಕೇಳಿದವರು ಅದನ್ನು ಮತ್ತೊಬ್ಬರಿಗೆ ಮುಟ್ಟಿಸುತ್ತಾರೆ. ಬೋಟುಗಳು ಒಂದೊಂದಾಗಿ ಅಳಿವೆ ದಾಟಿ ಗಂಗೊಳ್ಳಿಯ ಬಂದರನ್ನು ಸೇರಿದ ಮೇಲೆ, ನಿಂತುಹೋದ ನಗೆ ದಡದಲ್ಲಿ ಮತ್ತೆ ಆರಂಭವಾಗುತ್ತದೆ.